ಆಫರ್ ಕೈಯಲ್ಲಿದೆ, ಫಲಿತಾಂಶ ಬಂದಿಲ್ಲ: ಅಮೆರಿಕದ ಕಾಲೇಜು ಸೀಟು ವಾಪಸ್ ಪಡೆದೀತೇ?

ಅಮೆರಿಕದ ಕಾಲೇಜುಗಳು ಪದವಿ ಪ್ರವೇಶದ ತೀರ್ಮಾನವನ್ನು ಹೆಚ್ಚಾಗಿ ಮಾರ್ಚ್ ಕೊನೆಯ ಹೊತ್ತಿಗೆ ತಿಳಿಸುತ್ತವೆ. ಬರುತ್ತೇನೆ, ಇಲ್ಲ ಎಂದು ಉತ್ತರಿಸಲು ಬಹಳಷ್ಟು ಕಡೆ ಮೇ 1 ಕೊನೆಯ ದಿನ. 2025ರಲ್ಲಿ ನಮ್ಮ ದ್ವಿತೀಯ ಪಿಯು ಪರೀಕ್ಷೆ-1 ಮುಗಿದದ್ದು ಮಾರ್ಚ್ 20ಕ್ಕೆ, ಫಲಿತಾಂಶ ಬಂದದ್ದು ಏಪ್ರಿಲ್ 8ಕ್ಕೆ. ಸಿಬಿಎಸ್‌ಇ ಹನ್ನೆರಡನೇ ತರಗತಿಯದು ಮೇ 13ಕ್ಕೆ ಬಂತು. ಅಂದರೆ ಸಿಬಿಎಸ್‌ಇ ಮಕ್ಕಳು ಡೆಪಾಸಿಟ್ ಕಟ್ಟಿ, ನೆಂಟರಿಷ್ಟರಿಗೆಲ್ಲ ಸಿಹಿ ಹಂಚಿ ಆದಮೇಲೆ ತಮ್ಮ ಅಂಕ ನೋಡಿದರು. ಆಫರ್ ಮೊದಲು, ಅಂಕ ಆಮೇಲೆ. ಭಯ ಹುಟ್ಟುವುದು ಈ ನಡುವಿನ ದಿನಗಳಲ್ಲಿ: ಮಾರ್ಕ್ಸ್ ಕಡಿಮೆ ಬಂದರೆ ಸೀಟು ಕಿತ್ತುಕೊಳ್ಳುತ್ತಾರಾ?

ಕಿತ್ತುಕೊಳ್ಳುವುದುಂಟು. ಆದರೆ ಫಿಸಿಕ್ಸ್‌ನಲ್ಲಿ ನಾಲ್ಕು ಅಂಕ ಹೋಯಿತು ಎಂಬುದಕ್ಕಲ್ಲ. ನಾಲ್ಕು ಅಂಕ ಕಳೆದುಕೊಂಡವರು ನಿದ್ದೆಗೆಡುತ್ತಾರೆ. ಅಂತಿಮ ಅಂಕಪಟ್ಟಿ ಕಳಿಸುವ ಗಡುವನ್ನೇ ಮರೆತವರು, ಕನ್ಸಲ್ಟೆನ್ಸಿಯವರು ತಮ್ಮ ಹೆಸರಿನಲ್ಲಿ ಏನು ಬರೆದರೆಂದು ಓದಿಯೇ ನೋಡದವರು ಹಾಯಾಗಿ ಮಲಗಿರುತ್ತಾರೆ. ನಿದ್ದೆ ಕೆಡಬೇಕಾದದ್ದು ಇವರಿಗೆ. ಹೀಗಾಗಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ, ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

1. ಆಫರ್ ಪತ್ರವನ್ನು ಕೊನೆಯ ಸಾಲಿನವರೆಗೂ ಓದಿ

ಎಲ್ಲರೂ ಮೊದಲ ಸಾಲು ಓದಿ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ. ಷರತ್ತು ಇರುವುದು ಕೆಳಗೆ, ಅಥವಾ ಪೋರ್ಟಲ್‌ನಲ್ಲಿ ಪ್ರತ್ಯೇಕ ಕಡತವಾಗಿ. ಬಹುತೇಕ ಪತ್ರಗಳಲ್ಲಿ ಇಂಥದ್ದೊಂದು ಮಾತು ಇದ್ದೇ ಇರುತ್ತದೆ: ನೀವು ಶಾಲೆಯ ಕೊನೆಯ ವರ್ಷವನ್ನು ಈವರೆಗಿನ ಮಟ್ಟದಲ್ಲೇ ಪೂರೈಸಬೇಕು, ಅರ್ಜಿಯಲ್ಲಿ ಹೇಳಿದ್ದೆಲ್ಲ ನಿಜವಾಗಿರಬೇಕು, ನಡತೆಯಲ್ಲಿ ದೋಷ ಬರಬಾರದು.

ಕೆಲವು ಕಡೆ ಷರತ್ತನ್ನು ಅಳತೆ ಹಾಕಿಯೇ ಬರೆದಿರುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ: ಕೊನೆಯ ವರ್ಷದಲ್ಲಿ ಯಾವ ವಿಷಯದಲ್ಲೂ ‘ಡಿ’ ಅಥವಾ ‘ಎಫ್’ (ಅಲ್ಲಿನ ತೀರಾ ಕೆಳಗಿನ ಗ್ರೇಡ್‌ಗಳು) ಬರಬಾರದು, ಸರಾಸರಿ ಇಷ್ಟಕ್ಕಿಂತ ಇಳಿಯಬಾರದು, ಅಂತಿಮ ಅಂಕಪಟ್ಟಿ ಜುಲೈ ಆರಂಭದೊಳಗೆ ಹೊರಡಬೇಕು, ಅರ್ಜಿಯಲ್ಲಿ ತೋರಿಸಿದ ವಿಷಯ ಬದಲಾದರೆ ಲಿಖಿತವಾಗಿ ತಿಳಿಸಬೇಕು. ಹೀಗೆ ಬಿಡಿಸಿ ಬರೆದಿದ್ದರೆ ವಾಸಿ, ನಿಮ್ಮ ಸ್ಥಿತಿ ಏನೆಂದು ನೀವೇ ಲೆಕ್ಕ ಹಾಕಬಹುದು. ‘ಇದೇ ಮಟ್ಟ ಉಳಿಸಿಕೊಳ್ಳಿ’ ಎಂದಷ್ಟೇ ಬರೆದ ಖಾಸಗಿ ಕಾಲೇಜುಗಳದ್ದೇ ತಲೆನೋವು. ಅಲ್ಲಿ ತೀರ್ಮಾನ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ಪತ್ರದ ಪ್ರಿಂಟ್ ತೆಗೆದು, ಷರತ್ತುಗಳ ಕೆಳಗೆ ಗೆರೆ ಎಳೆದು, ಪ್ರತಿ ಷರತ್ತಿನ ಪಕ್ಕ ತಾರೀಖು ಬರೆಯಿರಿ. ಸ್ಕಾಲರ್‌ಶಿಪ್ ಇದ್ದರೆ ಅದರ ಪತ್ರವನ್ನು ಬೇರೆಯಾಗಿ ಓದಿ. ಸೀಟು ಉಳಿದು ಸ್ಕಾಲರ್‌ಶಿಪ್ ಹೋದರೂ ಮಧ್ಯಮ ವರ್ಗದ ಮನೆಗೆ ಸೀಟು ಹೋದಂತೆಯೇ.

2. ಹೇಳಿದ್ದೇನು, ಬಂದದ್ದೇನು: ಪಕ್ಕಪಕ್ಕ ಇಟ್ಟು ನೋಡಿ

ಸಲ್ಲಿಸಿದ ಅರ್ಜಿಯ ಪಿಡಿಎಫ್, ನಿಮ್ಮ ಕಾಲೇಜು ಕಳಿಸಿದ ನಿರೀಕ್ಷಿತ ಅಂಕಗಳು, ಬೋರ್ಡ್ ಅಂಕಪಟ್ಟಿ. ಈ ಮೂರನ್ನೂ ಮೇಜಿನ ಮೇಲಿಡಿ.

ನಮ್ಮ ಪಿಯು ಮಕ್ಕಳು ಇಲ್ಲಿ ಒಂದು ವಿಷಯ ಗಮನಿಸುವುದೇ ಇಲ್ಲ. ನಮ್ಮಲ್ಲಿ ‘ಎಷ್ಟು ಬಂತು’ ಎಂದರೆ ಪಿಸಿಎಂ ಎಷ್ಟು ಬಂತು ಎಂದೇ ಅರ್ಥ. ಸಿಇಟಿ, ಜೆಇಇ ಗುಂಗಿನಲ್ಲಿ ಎರಡು ಭಾಷೆಗಳನ್ನು ಕೊನೆಯ ವಾರಕ್ಕೆ ತಳ್ಳುವುದು ವಾಡಿಕೆ. ಅಮೆರಿಕದ ಅಧಿಕಾರಿ ನೋಡುವುದು 600ಕ್ಕೆ ಆರೂ ವಿಷಯಗಳನ್ನು. ಫಿಸಿಕ್ಸ್ 96, ಗಣಿತ 98, ಇಂಗ್ಲಿಷ್ 58 ಎಂದಿದ್ದರೆ ಅವರ ಕಣ್ಣು ನಿಲ್ಲುವುದು ಐವತ್ತೆಂಟರ ಮೇಲೆ. ಇಂಗ್ಲಿಷಿನಲ್ಲಿ ಅಷ್ಟು ಚೆಂದದ ಪ್ರಬಂಧ ಬರೆದ ಹುಡುಗಿಯ ಇಂಗ್ಲಿಷ್ ಅಂಕ ಇಷ್ಟೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಎಷ್ಟು ಇಳಿದರೆ ಅಪಾಯ? ಎಲ್ಲ ಕಾಲೇಜಿಗೂ ಒಪ್ಪುವ ಒಂದೇ ಗೆರೆ ಇಲ್ಲ, ಆದರೆ ಒಂದು ಅಂದಾಜು ಹೇಳಬಹುದು. ನಿರೀಕ್ಷೆ 94 ಇದ್ದು 89 ಬಂದರೆ ಸಾಮಾನ್ಯವಾಗಿ ಯಾರೂ ಪತ್ರ ಬರೆಯುವುದಿಲ್ಲ. ಬೋರ್ಡ್ ಪರೀಕ್ಷೆಯ ಏರಿಳಿತ ದಕ್ಷಿಣ ಏಷ್ಯಾದ ಅರ್ಜಿಗಳನ್ನು ಓದುವವರಿಗೆ ಹೊಸದಲ್ಲ. 94 ಇದ್ದದ್ದು 78ಕ್ಕೆ ಬಂದರೆ ಪ್ರಶ್ನೆ ಬರಬಹುದು, ಸಿದ್ಧರಿರಿ. ಒಂದು ವಿಷಯದಲ್ಲಿ ಫೇಲ್ ಆದರೆ, ಅಥವಾ ಎಲ್ಲ ವಿಷಯಗಳೂ ಒಟ್ಟಿಗೆ ಕುಸಿದರೆ, ಆಗ ಸೀಟು ನಿಜಕ್ಕೂ ಅಲುಗಾಡುತ್ತದೆ. ಎಂಜಿನಿಯರಿಂಗ್‌ಗೆ ಹೊರಟವರ ಗಣಿತ, ಬಯಾಲಜಿಗೆ ಹೊರಟವರ ಕೆಮಿಸ್ಟ್ರಿ ಕುಸಿದರೆ ಅದರ ತೂಕ ಬೇರೆ ವಿಷಯಗಳಿಗಿಂತ ಜಾಸ್ತಿ.

ಅಂಕ ಹೇಗಿದ್ದರೂ ಸರಿ, ಮಧ್ಯದಲ್ಲಿ ವಿಷಯ ಬದಲಿಸಿದ್ದರೆ ಹೇಳಲೇಬೇಕು. ಅರ್ಜಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂದು ಬರೆದು ಅಂಕಪಟ್ಟಿಯಲ್ಲಿ ಎಲೆಕ್ಟ್ರಾನಿಕ್ಸ್ ಬಂದರೆ, ಅದು ತಪ್ಪೋ ಸುಳ್ಳೋ ಎಂದು ಅಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

3. ಅಂಕ ನಿಜಕ್ಕೂ ಕುಸಿದಿದ್ದರೆ: ಮೊದಲು ಇಲ್ಲಿ, ಜೊತೆಗೇ ಅಲ್ಲಿ

ಕರ್ನಾಟಕದ ಮಕ್ಕಳಿಗೆ ಒಂದು ಅನುಕೂಲ ಇದೆ. 2023-24ರಿಂದ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ; 2024, 2025ರಲ್ಲಿ ಮೂರು ನಡೆದವು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ನಂತರದ ಪರೀಕ್ಷೆ ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುತ್ತದೆ. 2025ರಲ್ಲಿ ಪರೀಕ್ಷೆ-2 ಏಪ್ರಿಲ್ ಕೊನೆಗೇ ಶುರುವಾಯಿತು, ಪರೀಕ್ಷೆ-3 ಜೂನ್‌ನಲ್ಲಿ ನಡೆಯಿತು. ಆಗಸ್ಟ್‌ನಲ್ಲಿ ತರಗತಿ ಶುರುವಾಗುವ ಕಾಲೇಜಿಗೆ ಪರೀಕ್ಷೆ-2ರ ಅಂಕ ಧಾರಾಳವಾಗಿ ಮುಟ್ಟುತ್ತದೆ. ಪರೀಕ್ಷೆ-3ರದ್ದು ಗಡುವಿನ ಅಂಚಿಗೆ ಬರುತ್ತಿತ್ತು, ಅಂಥದ್ದನ್ನೇ ನೆಚ್ಚಿ ಕೂರಬೇಡಿ.

ಮೌಲ್ಯಮಾಪನದಲ್ಲೇ ಎಡವಟ್ಟಾಗಿದೆ ಅನ್ನಿಸಿದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ, ಅದನ್ನು ನಿಮ್ಮ ಲೆಕ್ಚರರ್ ಜೊತೆ ಕೂತು ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹೋಗಿ. ಇದಕ್ಕೆಲ್ಲ ಫಲಿತಾಂಶ ಬಂದ ಬೆನ್ನಿಗೇ ಕೆಲವೇ ದಿನಗಳ ಅವಕಾಶ ಇರುತ್ತದೆ. ಸಿಬಿಎಸ್‌ಇಯಲ್ಲಾದರೆ ಜುಲೈನ ಪೂರಕ ಪರೀಕ್ಷೆಯಲ್ಲಿ ಒಂದು ವಿಷಯದ ಅಂಕ ಸುಧಾರಿಸಿಕೊಳ್ಳಬಹುದು.

ಇದು ನಡೆಯುತ್ತಿರುವಾಗಲೇ ಅಮೆರಿಕದ ಕಾಲೇಜಿಗೆ ಬರೆಯಬೇಕು. ‘ಅವರು ಕೇಳಿದಾಗ ನೋಡೋಣ’ ಎನ್ನುವುದು ಮನೆಯ ಹಿರಿಯರ ಸಾಮಾನ್ಯ ಸಲಹೆ, ನಾನು ಒಪ್ಪುವುದಿಲ್ಲ. ಅಂಕಪಟ್ಟಿ ಹೇಗೂ ಅವರ ಕೈ ಸೇರುತ್ತದೆ. ಅವರಾಗಿ ಕಂಡುಹಿಡಿದ ಕುಸಿತಕ್ಕೂ ನೀವಾಗಿ ಹೇಳಿದ ಕುಸಿತಕ್ಕೂ ಅಜಗಜಾಂತರ. ಇದು ದೊಡ್ಡ ಕುಸಿತಕ್ಕೆ ಹೇಳಿದ ಮಾತು. ಮೂರು ಅಂಕ ಕಡಿಮೆ ಬಂತೆಂದು ಕ್ಷಮಾಪಣೆ ಪತ್ರ ಬರೆದರೆ ಇಲ್ಲದ ಅನುಮಾನವನ್ನು ನೀವೇ ಹುಟ್ಟಿಸಿದಂತಾಗುತ್ತದೆ.

ಪತ್ರ ಇಂಗ್ಲಿಷಿನಲ್ಲೇ ಹೋಗುತ್ತದೆ, ಅದರ ತಿರುಳು ಹೀಗಿದ್ದರೆ ಸಾಕು:

‘ಮಾನ್ಯರೇ, ನಾನು ಈ ಸಾಲಿಗೆ ಪ್ರವೇಶ ಪಡೆದ ವಿದ್ಯಾರ್ಥಿ, ಅರ್ಜಿ ಸಂಖ್ಯೆ ಇಂಥದ್ದು. ಏಪ್ರಿಲ್‌ನಲ್ಲಿ ಬಂದ ಬೋರ್ಡ್ ಫಲಿತಾಂಶದಲ್ಲಿ ಗಣಿತಕ್ಕೆ 61 ಬಂದಿದೆ. ನಮ್ಮ ಕಾಲೇಜು ಕಳಿಸಿದ್ದ ನಿರೀಕ್ಷಿತ ಅಂಕ 90. ಪರೀಕ್ಷೆಗೆ ಹತ್ತು ದಿನ ಮೊದಲು ಡೆಂಗಿಯಿಂದ ಆಸ್ಪತ್ರೆಯಲ್ಲಿದ್ದೆ, ಡಿಸ್‌ಚಾರ್ಜ್ ಪತ್ರ ಲಗತ್ತಿಸಿದ್ದೇನೆ. ಉಳಿದ ಐದು ವಿಷಯಗಳ ಅಂಕ ನಿರೀಕ್ಷೆಯ ಹತ್ತಿರವೇ ಇವೆ. ಗಣಿತವನ್ನು ಪರೀಕ್ಷೆ-2ರಲ್ಲಿ ಮತ್ತೆ ಬರೆಯುತ್ತಿದ್ದೇನೆ, ಫಲಿತಾಂಶ ಬಂದ ದಿನವೇ ಕಳಿಸುತ್ತೇನೆ. ನಮ್ಮ ಪ್ರಿನ್ಸಿಪಾಲರೂ ಪ್ರತ್ಯೇಕವಾಗಿ ಬರೆಯಲಿದ್ದಾರೆ. ಬೇರೆ ದಾಖಲೆ ಬೇಕಿದ್ದರೆ ತಿಳಿಸಿ.’

ಇಷ್ಟೇ. ಏನಾಯಿತು, ಯಾಕಾಯಿತು, ಈಗೇನು ಮಾಡುತ್ತಿದ್ದೇನೆ. ‘ಚಿಕ್ಕಂದಿನಿಂದಲೂ ನಿಮ್ಮ ಕಾಲೇಜೇ ನನ್ನ ಕನಸು’ ಎಂಬ ಸಾಲು ಬೇಡ. ಕಾರಣ ಇಲ್ಲದಿದ್ದರೆ ಕಾರಣ ಹುಟ್ಟಿಸಲೂಬೇಡಿ. ‘ಜೆಇಇ ತಯಾರಿಯಲ್ಲಿ ಭಾಷೆಗಳನ್ನು ಕಡೆಗಣಿಸಿದೆ’ ಎಂಬ ನೇರ ಮಾತು ಸುಳ್ಳು ಮೆಡಿಕಲ್ ಸರ್ಟಿಫಿಕೇಟಿಗಿಂತ ಎಷ್ಟೋ ಮೇಲು. ಇನ್ನೊಂದು ಮಾತು ತಂದೆಯವರಿಗೆ: ಸರ್, ದಯವಿಟ್ಟು ನೀವು ಬರೆಯಬೇಡಿ. ಅಲ್ಲಿ ಹದಿನೆಂಟು ತುಂಬಿದ ವಿದ್ಯಾರ್ಥಿ ತನ್ನ ವ್ಯವಹಾರ ತಾನೇ ನೋಡಿಕೊಳ್ಳಬೇಕೆಂದು ನಿರೀಕ್ಷಿಸುತ್ತಾರೆ. ಮಗಳು ಬರೆದದ್ದನ್ನು ಕಾಗುಣಿತಕ್ಕಾಗಿ ಒಮ್ಮೆ ಓದಿಕೊಡಿ, ಸಾಕು.

4. ಕಾಗದಪತ್ರ: ಬೇಸರದ ಕೆಲಸ, ಆದರೆ ಸೀಟು ಹೋಗುವುದು ಇಲ್ಲಿಯೇ

2017ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ ತರಗತಿ ಶುರುವಾಗಲು ಎರಡು ತಿಂಗಳಿರುವಾಗ 499 ಮಂದಿಯ ಆಫರ್ ರದ್ದು ಮಾಡಿತು. ಆ ವರ್ಷ ಅಂದಾಜಿಗಿಂತ ಸುಮಾರು 850 ಮಂದಿ ಹೆಚ್ಚು ‘ಬರುತ್ತೇವೆ’ ಎಂದಿದ್ದರು. ರದ್ದಾದವರಲ್ಲಿ ಅಂಕ ಕುಸಿದವರಿಗಿಂತ ಅಂಕಪಟ್ಟಿ ತಲುಪಿಲ್ಲ, ತಡವಾಯಿತು ಎಂಬಂಥ ಕಾರಣಕ್ಕೆ ಹೋದವರೇ ಜಾಸ್ತಿ. ಅಂಕಪಟ್ಟಿ ಕಳಿಸಿದ್ದೇವೆ ಎಂದು ರಸೀದಿ ಹಿಡಿದು ನಿಂತ ವಿದ್ಯಾರ್ಥಿಗಳಿದ್ದರು. ಗಲಾಟೆ ದೊಡ್ಡದಾಗಿ, ಆಗಸ್ಟ್ ಮೊದಲ ವಾರದಲ್ಲಿ ಚಾನ್ಸಲರ್ ಕ್ಷಮೆ ಕೇಳಿ, ಅಂಕದ ಮಟ್ಟ ಮುಟ್ಟದವರನ್ನು ಬಿಟ್ಟು ಉಳಿದವರಿಗೆ ಸೀಟು ಮರಳಿಸಿದರು. ಎಲ್ಲ ವರ್ಷವೂ ಇಂಥ ನೂಕುನುಗ್ಗಲು ಇರುವುದಿಲ್ಲ. ಆದರೆ ಸೀಟಿಗಿಂತ ಜನ ಹೆಚ್ಚಾದ ವರ್ಷ ಕಾಲೇಜು ಷರತ್ತಿನ ಪುಟವನ್ನು ಭೂತಗನ್ನಡಿ ಹಿಡಿದು ಓದುತ್ತದೆ.

ನಮ್ಮ ವ್ಯವಸ್ಥೆಯಲ್ಲಿ ಇದಕ್ಕೊಂದು ಹೆಚ್ಚಿನ ತೊಡಕಿದೆ. ಅಮೆರಿಕದವರು ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷದ ಅಂಕಗಳನ್ನು ಒಂದೇ ಶಾಲೆಯ ಲೆಕ್ಕದಲ್ಲಿ ನೋಡುತ್ತಾರೆ. ನಮ್ಮಲ್ಲಿ ಒಂಬತ್ತು, ಹತ್ತು ಹೈಸ್ಕೂಲಿನಲ್ಲಿ. ಪಿಯು ಬೇರೆ ಕಾಲೇಜಿನಲ್ಲಿ, ಎಷ್ಟೋ ಸಲ ಬೇರೆ ಊರಿನಲ್ಲಿ. ಹಾಸನದ ಹೈಸ್ಕೂಲಿನಿಂದ ಒಂಬತ್ತನೇ ತರಗತಿಯ ಅಂಕಪಟ್ಟಿ, ಅದಕ್ಕೆ ಹೆಡ್‌ಮಾಸ್ಟರ್ ಸಹಿ, ಸೀಲು. ಬೆಂಗಳೂರಿನ ಪಿಯು ಕಾಲೇಜಿನಿಂದ ಪ್ರಥಮ, ದ್ವಿತೀಯ ವರ್ಷದ್ದು. ಬೇಸಿಗೆ ರಜೆಯಲ್ಲಿ ಹೈಸ್ಕೂಲಿನ ಆಫೀಸು ಬಾಗಿಲು ಹಾಕಿರುತ್ತದೆ, ಗುಮಾಸ್ತರು ಸಿಗುವುದಿಲ್ಲ. ಹಾಗಾಗಿ ಈ ಓಡಾಟ ಫೆಬ್ರವರಿಯಲ್ಲೇ ಮುಗಿಸಿಕೊಳ್ಳಿ.

ಅಂತಿಮ ಅಂಕಪಟ್ಟಿಯನ್ನು ನೀವು ಅಪ್‌ಲೋಡ್ ಮಾಡಿದರೆ ಬಹಳ ಕಡೆ ಅದು ಅಧಿಕೃತ ಅಲ್ಲ, ನಿಮ್ಮ ಪಿಯು ಕಾಲೇಜಿನಿಂದಲೇ ಹೋಗಬೇಕು. ದೊಡ್ಡ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಇದಕ್ಕೆಂದೇ ಕೌನ್ಸೆಲರ್ ಇರುತ್ತಾರೆ. ಮಾಮೂಲಿ ಪಿಯು ಕಾಲೇಜಿನಲ್ಲಿ ಆ ಪಾತ್ರ ಪ್ರಿನ್ಸಿಪಾಲರದ್ದೋ ಇಂಗ್ಲಿಷ್ ಲೆಕ್ಚರರದ್ದೋ ಆಗಿರುತ್ತದೆ, ಮತ್ತು ಅರ್ಜಿ ಹಾಕುವಾಗ ತೆರೆದ ಲಾಗಿನ್‌ನ ಪಾಸ್‌ವರ್ಡ್ ಅವರಿಗೆ ಮರೆತೇ ಹೋಗಿರುತ್ತದೆ. ಫಲಿತಾಂಶ ಬರುವ ಮುಂಚೆಯೇ ಹೋಗಿ, ‘ಸರ್, ಜೂನ್‌ನಲ್ಲಿ ಒಂದು ಕೆಲಸ ಇದೆ, ಲಾಗಿನ್ ಆಗುತ್ತಾ ಒಮ್ಮೆ ನೋಡೋಣವಾ’ ಎಂದು ಕೂರಿಸಿ ನೋಡಿಸಿಕೊಳ್ಳಿ. ಕಳಿಸಿದ ಮೇಲೆ ಪೋರ್ಟಲ್‌ನಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಬರುವವರೆಗೂ ಕೆಲಸ ಮುಗಿದಿಲ್ಲ. ಬಂದ ದಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಅರ್ವೈನ್‌ನಂಥ ಪರಿಸ್ಥಿತಿಯಲ್ಲಿ ಕೈಹಿಡಿಯುವುದು ಅದೇ.

5. ಸುಳ್ಳು, ಎರವಲು ಪ್ರಬಂಧ, ಬಾಯಿ

ಅಂಕ ಕುಸಿದರೆ ವಿವರಣೆಗೆ ಅವಕಾಶ ಸಿಗುತ್ತದೆ. ಸುಳ್ಳು ಸಿಕ್ಕಿಬಿದ್ದರೆ ಸಿಗುವುದಿಲ್ಲ, ಅದಕ್ಕೆ ಕಾಲಮಿತಿಯೂ ಇಲ್ಲ. ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ 2024ರಲ್ಲಿ ಬಯಲಿಗೆ ಬಂದ ಪ್ರಕರಣದಲ್ಲಿ ಭಾರತದ ವಿದ್ಯಾರ್ಥಿಯೊಬ್ಬ ನಕಲಿ ಅಂಕಪಟ್ಟಿ ಕೊಟ್ಟು, ಬದುಕಿರುವ ತಂದೆ ತೀರಿಕೊಂಡರೆಂದು ದಾಖಲೆ ಸೃಷ್ಟಿಸಿ ಪೂರ್ಣ ಸ್ಕಾಲರ್‌ಶಿಪ್ ಪಡೆದಿದ್ದ. ಅದನ್ನು ರೆಡಿಟ್‌ನಲ್ಲಿ ತಾನೇ ಹೆಸರು ಮರೆಸಿ ಕೊಚ್ಚಿಕೊಂಡ. ಓದಿದವರೊಬ್ಬರು ಗುರುತು ಹಿಡಿದು ವಿಶ್ವವಿದ್ಯಾಲಯಕ್ಕೆ ತಿಳಿಸಿದರು. ಕೊನೆಗೆ ಆ ವಿದ್ಯಾರ್ಥಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಊರಿಗೆ ಮರಳಬೇಕಾಯಿತು.

ಅಷ್ಟು ದೂರ ಯಾರೂ ಹೋಗುವುದಿಲ್ಲ ಅನ್ನುತ್ತೀರಿ, ನಿಜ. ನಮ್ಮಲ್ಲಿ ನಡೆಯುವುದು ಸಣ್ಣ ಮಟ್ಟದಲ್ಲಿ: ಕನ್ಸಲ್ಟೆನ್ಸಿಯವರು ಪ್ರಬಂಧ ‘ಪಾಲಿಶ್’ ಮಾಡುತ್ತಾರೆ, ಎರಡು ದಿನ ಹೋದ ಎನ್‌ಜಿಒ ಕೆಲಸ ಎರಡು ವರ್ಷವಾಗುತ್ತದೆ, ಶಿಫಾರಸು ಪತ್ರವನ್ನು ಅವರೇ ಬರೆದು ಲೆಕ್ಚರರ್ ಸಹಿಗೆ ಕಳಿಸುತ್ತಾರೆ. ಅರ್ಜಿಯ ಕೊನೆಯಲ್ಲಿ ಸಹಿ ಮಾತ್ರ ನಿಮ್ಮದು. ನೂರಾರು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕಲು ಬಳಸುವ ‘ಕಾಮನ್ ಆ್ಯಪ್’ 2023ರಿಂದ ಎಐ ಬರೆದ ಪ್ರಬಂಧವನ್ನು ತನ್ನದೆಂದು ಕೊಡುವುದನ್ನೂ ವಂಚನೆಯ ಪಟ್ಟಿಗೆ ಸೇರಿಸಿದೆ. ಹಾಕಿದ ಅರ್ಜಿಯನ್ನು ಈಗಲಾದರೂ ಪೂರ್ತಿ ಓದಿ. ತಪ್ಪು ಮಾಹಿತಿ ಕಂಡರೆ ನೀವಾಗಿ ಬರೆದು ಸರಿಪಡಿಸುವುದೇ ದಾರಿ. ಕನ್ಸಲ್ಟೆನ್ಸಿಯವರು ‘ಏನೂ ಆಗಲ್ಲ ಬಿಡಿ’ ಎನ್ನುತ್ತಾರೆ. ಅವರಿಗೆ ಏನೂ ಆಗುವುದಿಲ್ಲ, ಖಂಡಿತ.

ಇನ್ನು ಬಾಯಿ. 2017ರಲ್ಲಿ ಹಾರ್ವರ್ಡ್ ಕನಿಷ್ಠ ಹತ್ತು ಮಂದಿಯ ಪ್ರವೇಶ ರದ್ದು ಮಾಡಿದ್ದು ಫೇಸ್‌ಬುಕ್‌ನ ಖಾಸಗಿ ಚಾಟ್ ಗುಂಪಿನಲ್ಲಿ ಹಂಚಿಕೊಂಡ ಅಸಹ್ಯ ಮೀಮ್‌ಗಳಿಗಾಗಿ. ಗುಂಪಿನಲ್ಲಿದ್ದವರೆಲ್ಲ ಆ ವರ್ಷ ಸೇರಬೇಕಾದ ವಿದ್ಯಾರ್ಥಿಗಳೇ. ಜಾತಿ, ಧರ್ಮ, ಬಣ್ಣದ ಬಗ್ಗೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಲೀಸಾಗಿ ಓಡಾಡುವ ಜೋಕುಗಳು ಅಲ್ಲಿಯ ಹೊಸ ವಿದ್ಯಾರ್ಥಿಗಳ ಗುಂಪಿನಲ್ಲಿ ಬಿದ್ದರೆ ಗತಿ ಬೇರೆಯೇ. ಪರೀಕ್ಷೆಯಲ್ಲಿ ನಕಲು, ಹಾಸ್ಟೆಲ್‌ನಲ್ಲಿ ಹೊಡೆದಾಟ, ಸಸ್ಪೆನ್ಷನ್ ಇಂಥದ್ದೇನಾದರೂ ಆಫರ್ ಬಂದ ಮೇಲೆ ನಡೆದರೆ ಅದನ್ನು ತಿಳಿಸುವ ಹೊಣೆಯೂ ನಿಮ್ಮ ಮೇಲೇ ಇರುತ್ತದೆ.

6. ಎರಡು ಕಡೆ ಡೆಪಾಸಿಟ್ ಕಟ್ಟಬೇಡಿ, ಊರಿನ ಸೀಟು ಬಿಡಬೇಡಿ

ಅಮೆರಿಕದ ಎರಡು ಕಾಲೇಜುಗಳಿಗೂ ಒಟ್ಟಿಗೆ ‘ಬರುತ್ತೇನೆ’ ಎಂದು ಹಣ ಕಟ್ಟುವುದನ್ನು ಅಲ್ಲಿ ಮೋಸವೆಂದೇ ನೋಡುತ್ತಾರೆ. ಗೊತ್ತಾದರೆ ಎರಡೂ ಕೈತಪ್ಪಬಹುದು. ವೇಟ್‌ಲಿಸ್ಟ್‌ನಲ್ಲಿದ್ದ ಕಾಲೇಜು ಕರೆದರೆ ಅಲ್ಲಿಗೆ ಹೋಗಬಹುದು, ಆದರೆ ಮೊದಲಿನದಕ್ಕೆ ತಕ್ಷಣ ತಿಳಿಸಬೇಕು. ಡಿಸೆಂಬರ್‌ನಲ್ಲೇ ‘ಅರ್ಲಿ ಡಿಸಿಷನ್’ನಲ್ಲಿ ಆಯ್ಕೆಯಾದವರು ಉಳಿದ ಅರ್ಜಿಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆಂದು ಒಪ್ಪಂದಕ್ಕೇ ಸಹಿ ಹಾಕಿರುತ್ತಾರೆ. ಕೊಟ್ಟ ಹಣಕಾಸಿನ ನೆರವು ನಿಜಕ್ಕೂ ಸಾಲದಿದ್ದರೆ ಮಾತ್ರ ಬಿಡುಗಡೆ ಕೇಳಬಹುದು.

ಇಲ್ಲಿನ ಸಿಇಟಿ ಪ್ರಕ್ರಿಯೆಯನ್ನು ಮಾತ್ರ ಕೊನೆಯವರೆಗೂ ಬಿಡಬೇಡಿ. ಡಾಕ್ಯುಮೆಂಟ್ ವೆರಿಫಿಕೇಷನ್ ಮಾಡಿಸಿ, ಆಪ್ಷನ್ ಎಂಟ್ರಿ ಹಾಕಿಡಿ. ಸೀಟು ಹಂಚಿಕೆಯಾದ ಮೇಲೆ ಪರೀಕ್ಷಾ ಪ್ರಾಧಿಕಾರ ನಾಲ್ಕು ಚಾಯ್ಸ್ ಕೊಡುತ್ತದೆ. ಚಾಯ್ಸ್-1 ಒತ್ತಿದರೆ ಶುಲ್ಕ ಕಟ್ಟಿ ಸೇರಬೇಕು, ಚಾಯ್ಸ್-4 ಒತ್ತಿದರೆ ಪೂರ್ತಿ ಹೊರಗೆ. ವೀಸಾ ಕೈಗೆ ಬರುವ ಮೊದಲೇ ಉತ್ಸಾಹದಲ್ಲಿ ನಾಲ್ಕನ್ನು ಒತ್ತಬೇಡಿ. ಸೀಟು ಹಿಂತಿರುಗಿಸಲು ಯಾವ ಸುತ್ತಿನವರೆಗೆ ಅವಕಾಶ, ಎಷ್ಟು ದಂಡ ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಕದಲ್ಲಿ ನೋಡಿಕೊಂಡೇ ಶುಲ್ಕ ಕಟ್ಟಿ.

ವೀಸಾ ತಿರಸ್ಕಾರವಾದರೆ ಆಫರ್ ಹೋಯಿತೆಂದಲ್ಲ, ಅವೆರಡೂ ಬೇರೆ. ಮತ್ತೆ ಅರ್ಜಿ ಹಾಕಬಹುದು. ತಡವಾದರೆ ಜನವರಿ ಸೆಮಿಸ್ಟರಿಗೋ ಮುಂದಿನ ವರ್ಷಕ್ಕೋ ಮುಂದೂಡಲು ಕಾಲೇಜನ್ನು ಕೇಳಬಹುದು. ಒಂದು ವರ್ಷ ಮುಂದೂಡಿಸಿಕೊಂಡವರು ಆ ವರ್ಷ ಇಲ್ಲಿ ಬಿಇಗೆ ಸೇರಿದರೆ ಮಾತ್ರ ಆಫರ್ ಬಿದ್ದುಹೋಗುವ ಸಂಭವ ಹೆಚ್ಚು. ಬೇರೆ ಪದವಿಗೆ ಪೂರ್ಣಾವಧಿಗೆ ಸೇರಬಾರದೆಂಬ ಷರತ್ತು ಮುಂದೂಡಿಕೆ ಪತ್ರದಲ್ಲಿ ಸಾಮಾನ್ಯವಾಗಿ ಇರುತ್ತದೆ.

7. ‘ನಿಮ್ಮ ಪ್ರವೇಶವನ್ನು ಪರಿಶೀಲಿಸುತ್ತಿದ್ದೇವೆ’ ಎಂಬ ಮೇಲ್ ಬಂದರೆ

ಮೊದಲು ಆ ಮೇಲ್ ನಿಜವೇ ನೋಡಿ. ಕಾಲೇಜಿನ ಪೋರ್ಟಲ್ ಒಳಗೆ ಅದೇ ಸಂದೇಶ ಇದೆಯೇ? ‘ಸೀಟು ಉಳಿಸಿಕೊಳ್ಳಲು ಇಷ್ಟು ಡಾಲರ್ ಕಟ್ಟಿ’ ಎಂದಿದ್ದರೆ ಅದು ವಂಚಕರದ್ದು.

ನಿಜವಾಗಿದ್ದರೂ ಸೀಟು ಹೋಯಿತೆಂದು ಅರ್ಥವಲ್ಲ, ಪ್ರಶ್ನೆ ಕೇಳಿದ್ದಾರೆ ಅಷ್ಟೇ. ಉತ್ತರಕ್ಕೆ ಕೊಟ್ಟ ಗಡುವು ಅಲ್ಲಿನ ಸಮಯದ್ದು ಎಂಬುದನ್ನು ನೆನಪಿಡಿ. ಕೇಳಿದ್ದಕ್ಕೆ ಮಾತ್ರ, ಕೇಳಿದ ಕ್ರಮದಲ್ಲಿ, ದಾಖಲೆ ಸಮೇತ ಉತ್ತರಿಸಿ. ಮೂರನೇ ಭಾಗದಲ್ಲಿ ಕೊಟ್ಟ ಪತ್ರದ ಧಾಟಿಯೇ ಇಲ್ಲಿಗೂ ಸಾಕು. ಪ್ರಿನ್ಸಿಪಾಲರ ಪತ್ರಕ್ಕೆ ಇಲ್ಲಿ ದೊಡ್ಡ ಬೆಲೆ ಇದೆ. ‘ನಮ್ಮ ಕಾಲೇಜಿನಲ್ಲಿ ಈ ವರ್ಷ ಗಣಿತದ ಸರಾಸರಿ ಇಷ್ಟಿತ್ತು, ಈಕೆಯ ಪ್ರಿಪರೇಟರಿ ಅಂಕ ಇಷ್ಟಿತ್ತು’ ಎಂಬ ಎರಡು ಸಾಲು ಹೊಗಳಿಕೆಯ ಎರಡು ಪುಟಕ್ಕಿಂತ ಕೆಲಸ ಮಾಡುತ್ತದೆ.

ಕೊನೆಗೆ ರದ್ದಾಗಿಯೇಬಿಟ್ಟರೆ, ಮೇಲ್ಮನವಿಗೆ ಅವಕಾಶವಿದೆಯೇ ಕೇಳಿ; ಹೊಸ ದಾಖಲೆ ಇದ್ದರೆ ಮಾತ್ರ ಸಲ್ಲಿಸಿ, ಅದೇ ಮಾತನ್ನು ಮತ್ತೆ ಹೇಳಿ ಫಲವಿಲ್ಲ. ಡೆಪಾಸಿಟ್ ಮರಳುವುದೇ ಎಂದು ವಿಚಾರಿಸಿ. ಅಮೆರಿಕದ ಪ್ರವೇಶ ಸಲಹೆಗಾರರ ಸಂಘಟನೆ ‘ನ್ಯಾಕಾಕ್’ ಪ್ರತಿ ಮೇ ತಿಂಗಳಲ್ಲಿ ಇನ್ನೂ ಸೀಟು ಉಳಿದಿರುವ ಕಾಲೇಜುಗಳ ಪಟ್ಟಿ ಪ್ರಕಟಿಸುತ್ತದೆ, ಅದರಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವವೂ ಇರುತ್ತವೆ. ಹೊಸ ಕಾಲೇಜಿಗೆ ಬರೆಯುವಾಗ ಹಿಂದಿನ ರದ್ದತಿಯ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಆಗ ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರವೂ ಹೊಸದು ಬೇಕಾಗುತ್ತದೆ, ಹಳೆಯದರ ಮೇಲೆ ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗುವಂತಿಲ್ಲ. ಸ್ಲಾಟ್ ಬುಕ್ ಮಾಡಿದ್ದರೆ ವಿವರ ತಿದ್ದಿಸಿ.

ಫೋನ್ ಮಾಡುವುದಿದ್ದರೆ ಬೇಸಿಗೆಯಲ್ಲಿ ಬಾಸ್ಟನ್ ಕಡೆಯ ಕಚೇರಿ ಬೆಳಗ್ಗೆ ಒಂಬತ್ತಕ್ಕೆ ತೆರೆಯುವಾಗ ನಮಗೆ ಸಂಜೆ ಆರೂವರೆ, ಕ್ಯಾಲಿಫೋರ್ನಿಯಾದ್ದು ತೆರೆಯುವಾಗ ರಾತ್ರಿ ಒಂಬತ್ತೂವರೆ. ಅರ್ಜಿ ಸಂಖ್ಯೆ ಎದುರಿಗಿಟ್ಟುಕೊಳ್ಳಿ, ಮಾತಾಡಿದವರ ಹೆಸರು ಬರೆದುಕೊಳ್ಳಿ, ಫೋನ್ ಇಟ್ಟ ಕೂಡಲೇ ‘ಈಗ ಮಾತಾಡಿದಂತೆ’ ಎಂದು ಅದೇ ವಿಷಯವನ್ನು ಮೇಲ್ ಮಾಡಿ.